ಟಾರ್ಪಾಲಿನ ಆ ತುದಿ

ಕಾರ್ತಿಕದ ಕೊಯ್ಲು ಮುಗಿದು, ಹದಡಿ ರಸ್ತೆಯ ಬದಿಯಲ್ಲಿ ನಮ್ಮ ಭತ್ತ ಒಣಗುತ್ತಿತ್ತು. ಸಂಜೆ ಮೋಡ ಕಟ್ಟಿತು. ನೆನೆದರೆ ವರ್ಷದ ಬೆಳೆಯೇ ಮೊಳಕೆಯೊಡೆಯುತ್ತದೆಂದು ನಾನೊಬ್ಬಳೇ ಬಳಿದು ರಾಶಿ ಮಾಡಿದೆ. ಗಂಡ ಮಾಲತೇಶ್ ಚೀಲ ತರಲು ದಾವಣಗೆರೆಗೆ ಹೋಗಿದ್ದರು.

ಆ ಹೊತ್ತನ್ನು ಶಾಲೆಯ ಪುಸ್ತಕದಲ್ಲಿ ಗೋಧೂಳಿ ಎಂದು ಚೆಂದವಾಗಿ ಓದಿದ್ದೆ. ನಮ್ಮತ್ತೆ ಕೊಟ್ರವ್ವ ಅದನ್ನು ಮುಖ ಕಾಣದ ಹೊತ್ತು ಎನ್ನುತ್ತಾರೆ.

ಟಾರ್ಪಾಲು ಹೊದಿಸಲು ಇಬ್ಬರು ಬೇಕು. ನಾನು ಈ ತುದಿ ಹಿಡಿದಾಗ ರಾಶಿಯಾಚೆ ಆ ತುದಿಯೂ ಎದ್ದಿತು.

“ಈಗ ಬಂದ್ರೇನು? ಬೈಕಿನ ಸದ್ದೇ ಕೇಳ್ಲಿಲ್ಲ,” ಎಂದೆ. ಉತ್ತರ ಬರಲಿಲ್ಲ. ನಾನು ಎಳೆದಷ್ಟೇ ಆ ಕಡೆಯಿಂದಲೂ ಎಳೆತ ಬಂತು. ಬಿಸಿಲಿಗೆ ಕಾದಿದ್ದ ಟಾರ್ಪಾಲು ಕೈಯಲ್ಲಿ ಬಾವಿಯ ಹಗ್ಗದಂತೆ ತಣ್ಣಗಾಯಿತು. ಅಷ್ಟರಲ್ಲಿ ಲಾರಿಯೊಂದರ ಬೆಳಕು ಬಿತ್ತು. ಆ ತುದಿ ಬಿಗಿಯಾಗಿ ಎದ್ದೇ ನಿಂತಿತ್ತು, ಹಿಡಿದವರು ಕಾಣಲಿಲ್ಲ.

ಫೋನು ಬಡಿದುಕೊಂಡಿತು. “ಲಕ್ಷ್ಮೀ, ನಾ ಇನ್ನೂ ದಾವಣಗೆರೆ ಬಿಟ್ಟಿಲ್ಲ. ಮಳೆ ಬರೋ ಹಂಗೈತೆ, ಯಾರನ್ನಾದ್ರೂ ಕರಕೊಂಡು ಭತ್ತ ಮುಚ್ಚು.”

ಮಳೆ ಜೋರಾಗಿ ಹೊಡೆಯಿತು. ಬೆಳಿಗ್ಗೆ ನೋಡಿದರೆ ಒಂದು ಕಾಳೂ ನೆನೆದಿರಲಿಲ್ಲ.

ನಡೆದದ್ದನ್ನು ಹೇಳಿದಾಗ ಅತ್ತೆ ಮೊದಲು ನಕ್ಕರು. “ಬಾಯಿ ಮುಚ್ಕೊಂಡು ಕೆಲ್ಸ ಮಾಡೋ ಗಂಡಸು ನಮ್ಮ ವಂಶದಾಗೇ ಹುಟ್ಟಿಲ್ಲ ಬಿಡೇ.” ಆಮೇಲೆ ಮೊರದ ತುಂಬ ಭತ್ತ ತುಂಬಿದರು. “ಯಾರಾದ್ರೇನು, ರಾಶಿಗೆ ಕೈ ಹಚ್ಚಿದೋರ ಪಾಲು ಇಟ್ಕೋಬಾರ್ದು.”

ಉಳಿದ ಭತ್ತವೆಲ್ಲ ಮಾರಿಯಾಯಿತು. ಆ ಮೊರ ಪಡಸಾಲೆಯಲ್ಲೇ ಇದೆ. ದೀಪ ಹಚ್ಚಿದ ಮೇಲೆ ಅತ್ತೆ ಬಾಗಿಲು ತೆರೆದಿಟ್ಟು ಕೂರುತ್ತಾರೆ. ಇದುವರೆಗೂ ಯಾರೂ ಬಂದು ಕೇಳಿಲ್ಲ.