ಕೌದಿಯ ಹೊಟ್ಟೆಗೆ ಮೊಳೆ

"ಇದು ಜೈಪುರದ್ದು. ತುಂಬಾ ರೇರ್ ಪೀಸ್!"

ಗಿರಾಕಿಗಳಿಗೆ ಗೋಡೆ ತೋರಿಸುತ್ತಿದ್ದ ತಿರುಮಲೇಶನ ಮಾತು ಕೇಳಿ ಸಹನಾ ಬಾಗಿಲಲ್ಲೇ ನಿಂತಳು.

ಗಂಗಾವತಿಯ ಆ ಹೊಸ ಕೆಫೆಯ ಗೋಡೆಗೆ ತೂಗುಹಾಕಿದ್ದು ಅವಳೇ ಹೊಲಿದ ಕೌದಿ! ತೀರಿಹೋದ ಅವ್ವನ ಹಳೆಯ ಸೀರೆಗಳನ್ನು ಕೂಡಿಸಿ, ಆರು ತಿಂಗಳು ಬೆರಳು ಚುಚ್ಚಿಸಿಕೊಂಡು ಹೊಲಿದಿದ್ದಳು. ಹೊದ್ದವನು ಎಂದೂ ಹಸಿದಿರಬಾರದೆಂದು ನಡುವೆ ಹೋಳಿಗೆಯ ಚೂರಿಟ್ಟು ಕೌದಿಯ ಹೊಟ್ಟೆ ತುಂಬಿಸಿದ್ದಳು. ಹೊದೆಯಬೇಕಾದವನು ತಿರುಮಲೇಶ. ಕೆಫೆಯ ಮಾಲೀಕ, ತಾವರಗೇರಾದಲ್ಲಿ ಅವಳ ಜೊತೆ ಒಂದೇ ಶಾಲೆಯಲ್ಲಿ ಕಲಿತವನು, ಬರುವ ತಿಂಗಳು ಅವಳಿಗೆ ತಾಳಿ ಕಟ್ಟುವವನು.

ಸರಿಯಾಗಿ ಆ ಹೊಟ್ಟೆಗೇ ಮೊಳೆ ಹೊಡೆದಿದ್ದ, ಮಹಾರಾಯ!

ನೆರಳಲ್ಲೂ ಕಪ್ಪು ಕನ್ನಡಕ. ಒಂದು ಕಪ್ಪು ಚಹಾಕ್ಕೆ ಮಾರುದ್ದದ ಹೆಸರು. ಮೇಲೆ ತಳಕು, ಒಳಗೆ ಹುಳುಕು!

"ಇವರ್ಯಾರು?" ಗಿರಾಕಿಯೊಬ್ಬಳು ಸಹನಾಳನ್ನು ತೋರಿಸಿದಳು.

ತಿರುಮಲೇಶ ಅವಳ ಎಣ್ಣೆಜಡೆ ನೋಡಿದ, ಕೈಚೀಲ ನೋಡಿದ.

"ನಮ್ಮೂರ ಕಡೆಯವರು... ಅಷ್ಟೇ."

ಅಷ್ಟೇ? ನಾನು ಅಷ್ಟೇ ಏನು...?

"ಹೂನ್ರಿ, ಅಷ್ಟ. ಈ ಶೋಕಿವಾಲಾ ನನಗ ಯಾರೂ ಅಲ್ಲ!"

ನಿಶ್ಚಯದ ಉಂಗುರ ಕಳಚಿ ಮೇಜಿನ ಮೇಲಿಟ್ಟು ಹೊರಬಿದ್ದಳು. ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಅತ್ತಳು.

ಮದುವೆ ಮುರಿಯಿತು. ಊರ ಬಾಯಿ ಮುಚ್ಚುವವರು ಯಾರು? ತಪ್ಪು ಅವಳದೇ ಎಂದರು.

ನಾಲ್ಕು ತಿಂಗಳ ಮೇಲೆ, ತಾವರಗೇರಾದ ಸಂತೆಯಲ್ಲಿ ಅವಳು ಅವ್ವನ ತಂಗಿ, ಚಿಗವ್ವ ಭೀಮಕ್ಕನ ಜೊತೆ ಕೌದಿ ಮಾರುತ್ತಿದ್ದಾಗ ಅವನು ಬಂದ. ಕನ್ನಡಕವಿರಲಿಲ್ಲ. ಹೆಗಲ ಮೇಲೆ ಅದೇ ಕೌದಿ.

"ಏನಪಾ ಶೋಕಿವಾಲಾ," ಭೀಮಕ್ಕ ಸಂತೆಗೆಲ್ಲ ಕೇಳುವಂತೆ ಕೂಗಿದಳು, "ನಮ್ಮ ಹುಡುಗಿ ನಿನಗ ಏನಾಗಬೇಕು?"

ಜನ ತಿರುಗಿ ನೋಡಿದರು. ಅವನು ತಲೆ ತಗ್ಗಿಸಲಿಲ್ಲ.

"ನನ್ನ ಕೈ ಹಿಡಿಯಾಕಿ ಆಗಿದ್ಲು ಚಿಗವ್ವ. ನಾಲ್ಕು ಮಂದಿ ಮುಂದ ಹೇಳಾಕ ನಾಚಿದೆ. ಈಕಿ ಹೊಲಿದ ಕೌದಿಗೆ ಮೊಳಿ ಹೊಡದೆ. ತಪ್ಪು ಈಕಿದಲ್ಲ, ನಂದು."

ಈ ಮಾತು ಅವತ್ತೇ ಆಡಿದ್ದರೆ...! ಸಹನಾ ಅವನ ಹೆಗಲಿನ ಕೌದಿ ಎಳೆದುಕೊಂಡು ಬಿಡಿಸಿದಳು. ಮೊಳೆಯ ತೂತನ್ನು ಯಾರೋ ಸೊಟ್ಟಸೊಟ್ಟವಾಗಿ ಹೊಲಿದಿದ್ದರು.

"ಯಾರು ಹೊಲಿದಾರ?"

"ನಾನ. ಹೋಳಗಿ ಚೂರು ಇಟ್ಟೇನಿ. ನಾನ ಮಾಡಿದ್ದು... ಸ್ವಲ್ಪ ಸೀದೈತಿ."

ಅವಳ ಕಣ್ಣು ತುಂಬಿತು. ಅವನು ಜೇಬಿನಿಂದ ಉಂಗುರ ತೆಗೆದ.

"ಅದು ಬ್ಯಾಡ. ಸಿಟ್ಟು ಇನ್ನೂ ಇಳದಿಲ್ಲ."

"ಯಾವಾಗ ಇಳೀತೈತಿ ಸಹನಾ?"

"ಗೊತ್ತಿಲ್ಲ." ಅವಳು ಚಾಪೆಯ ಮೇಲೆ ಸರಿದು ಜಾಗ ಕೊಟ್ಟಳು, ಸೂಜಿ ಚಾಚಿದಳು. "ಬಿಚ್ಚಿ ನೆಟ್ಟಗ ಹೊಲಿ. ಇಲ್ಲೇ ಕುಂದ್ರು, ಎಲ್ಲಾರೂ ನೋಡ್ಲಿ."

"ಸಂಜಿ ತನಕ?"

"ಸಂಜಿ ತನಕ... ಆಮ್ಯಾಲ ಮನಿಗೆ ಬಾ. ಉಂಡು ಹೋಗು."