ಅಪ್ಪನ ಗಾಡಿಯ ತೂಕ

"ಮುನ್ನೂರ ನಲವತ್ತು ಗ್ರಾಂ!" ಎಂದು ಗಂಡ ಕೂಗಿದ, ಮನೆಯಲ್ಲಿ ಗಂಡುಮಗು ಹುಟ್ಟಿತೇನೋ ಎನ್ನುವ ಹಾಗೆ.

ಅವಳು ಒಳಗಿನಿಂದ ಬಂದು ನೋಡಿದಾಗ ವರ್ಕ್‌ಶಾಪಿನ ತಕ್ಕಡಿಯ ಮೇಲೆ ಕಬ್ಬಿಣದ ತುಂಡೊಂದು ಬಿದ್ದಿತ್ತು. ಅಪ್ಪನ ಮೋಟಾರ್‌ಸೈಕಲ್ಲಿನ ಹಿಂದಿನ ಫುಟ್‌ರೆಸ್ಟು. ಅವಳಿಗೆ ಏಳು ವರ್ಷವಾಗಿದ್ದಾಗ ಕಾಲು ಎಟುಕುವುದಿಲ್ಲವೆಂದು ಅಪ್ಪ ಅದಕ್ಕೊಂದು ಕಂಬಿ ಬೆಸೆದು ಮೇಲಕ್ಕೆತ್ತಿ ಕೊಟ್ಟಿದ್ದರು. ಗಂಡ ಅದನ್ನು ಗರಗಸದಲ್ಲಿ ಕೊಯ್ದು, ತೂಗಿ, ಗುಜರಿ ಡಬ್ಬಕ್ಕೆ ಎಸೆದ.

"ಒಂದು ಮಾತು ಕೇಳ್ಬೋದಿತ್ತಲ್ರೀ."

"ಕೇಳೋದೇನಿದೆ? ಅಲ್ಲಿ ಯಾರ್ ಕೂರ್ತಾರೆ ಈಗ?" ಅವಳನ್ನು ಮೇಲಿಂದ ಕೆಳಗೆ ನೋಡಿ ನಕ್ಕ. "ಗಾಡಿದು ಆಯ್ತು. ತೂಕ ಇಳಿಸೋ ಸರದಿ ಇನ್ನು ನಿಂದು."

ಎದುರು ಅಂಗಡಿಯ ವೆಲ್ಡರ್ ಟೀ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ. ಅವನೂ ನಕ್ಕ. ನಕ್ಕಿದ್ದು ತಪ್ಪಾಯಿತೇನೋ ಎಂದು ಆಮೇಲೆ ಲೋಟದೊಳಗೆ ನೋಡಿದ.

ಅವಳು ಒಳಕ್ಕೆ ತಿರುಗಿದಳು. ಹೇಳುವ ಕಾಲ ಎಂದೋ ಮುಗಿದಿತ್ತು. ವರ್ಕ್‌ಶಾಪು ತೀರಿಹೋದ ಅಪ್ಪನದು, ಉಕ್ಕು ಕಡೆಯುವ ಲೇತ್ ಅಪ್ಪನದು, ಗಾಡಿ ಅಪ್ಪನದು. ಗಂಡ ಕೆಲಸ ಕಲಿಯಲು ಬಂದವನು. ಕೆಲಸ ಬರಲಿಲ್ಲ, ಮನೆಯಳಿಯನಾದ. ಮಾತು ಮಾತ್ರ ಬೆಣ್ಣೆಯಂತೆ ಬರುತ್ತಿತ್ತು. ಗುಡ್ಡದ ರಸ್ತೆಯಲ್ಲಿ ಹಳೇ ಗಾಡಿಗಳ ರೇಸು ನಡೆಯುತ್ತದೆಂದು ಕೇಳಿ ಬಂದ ದಿನದಿಂದ, ಎಂಟು ತಿಂಗಳು, ಗಾಡಿ ಹಗುರಾದಷ್ಟೂ ವೇಗವೆಂದು ಮನೆಯಲ್ಲಿ ತೂಕದ್ದೇ ಜಪ. ಮಡ್‌ಗಾರ್ಡು ಹೋಯಿತು, ಕ್ಯಾರಿಯರ್ ಹೋಯಿತು, ಉದ್ದ ಸೀಟು ಹೋಯಿತು. ಹೋಗದೆ ಉಳಿದ ಕಡೆಯೆಲ್ಲ ತೂತು: ಬ್ರೇಕ್ ಪೆಡಲ್ಲಿಗೆ, ಗೇರ್ ಲಿವರಿಗೆ, ಕೊನೆಗೆ ಕೀಲಿಗೂ. ಆ ತೂತುಗಳನ್ನೆಲ್ಲ ಕೊರೆದವಳು ಅವಳು. ಗಂಡ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದ, ಅಷ್ಟೆ. ಪತ್ರಿಕೆಯವರು ಬಂದು ಫೋಟೊ ತೆಗೆದಾಗ ಡ್ರಿಲ್ ಹಿಡಿದು ನಿಂತವನು ಅವನು. "ಇವರ ಕೈಯಲ್ಲಿ ಚಿನ್ನವಿದೆ" ಎಂದು ಬರೆದರು. ಅವಳು ಆ ಫೋಟೊದಲ್ಲಿ ಒಂದು ಮೊಣಕೈ.

ಅದನ್ನೂ ನುಂಗಿಕೊಳ್ಳುತ್ತಿದ್ದಳು. ಆದರೆ ಆ ರಾತ್ರಿ ಊಟಕ್ಕೆ ಕೂತವನು, "ರೇಸ್ ಮುಗೀಲಿ, ಈ ಲೇತ್ ಗುಜರಿಗೆ ಕಳಿಸಿಬಿಡೋಣ. ಮುದಿ ಎಮ್ಮೆ ಥರ ಜಾಗ ತಿಂತಾ ಬಿದ್ದಿದೆ. ಗಾಜಿನ ಬಾಗಿಲು ಹಾಕಿ ಶೋರೂಮ್ ಮಾಡ್ತೀನಿ," ಎಂದ.

"ನಾನೇನ್ ಮಾಡ್ಲಿ?"

"ಬರೋರಿಗೆ ಟೀ ಕೊಡು."

ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸುವಷ್ಟರಲ್ಲಿ ಅವಳು ನಿರ್ಧರಿಸಿಬಿಟ್ಟಿದ್ದಳು. ತನಗೇ ಆಶ್ಚರ್ಯವಾಯಿತು.

ಉಪಾಯ ಹುಡುಕಬೇಕಾಗಿಯೇ ಇರಲಿಲ್ಲ. ಎಂಟು ತಿಂಗಳಿಂದ ಅವನೇ ಅದನ್ನು ಊರಿಗೆಲ್ಲ ಸಾರಿಕೊಂಡು ಬಂದಿದ್ದ. ಮೈಯೆಲ್ಲ ತೂತಾದ ಗಾಡಿಯಲ್ಲಿ ಒಂದು ತೂತು ಹೆಚ್ಚಾದರೆ ಎಣಿಸುವವರು ಯಾರು? ಮುಂದಿನ ಚಕ್ರವನ್ನು ಹಿಡಿದಿಡುವ ಆಕ್ಸಲ್ ಗಟ್ಟಿ ಉಕ್ಕಿನದು, ಹೆಬ್ಬೆರಳಿನಷ್ಟು ದಪ್ಪ. ಅದಕ್ಕೆ ಮಾತ್ರ ಇನ್ನೂ ಯಾರೂ ಕೈ ಹಚ್ಚಿರಲಿಲ್ಲ. ಅದನ್ನು ಉದ್ದಕ್ಕೆ ಒಳಗಿನಿಂದ ಕೊರೆದು, ಬುದ್ಧಿಯಿದ್ದವರು ನಿಲ್ಲಿಸುವ ಕಡೆ ನಿಲ್ಲಿಸದೆ ಹೋದರೆ, ಉಳಿಯುವುದು ಒಂದು ತೆಳು ಕೊಳವೆ. ತುದಿಗೆ ಮುಚ್ಚಳವಿರುವುದರಿಂದ ಹೊರಗೆ ಏನೂ ಕಾಣದು. ನೇರ ರಸ್ತೆಯಲ್ಲಿ ತಡೆದುಕೊಳ್ಳುತ್ತದೆ. ಇಳಿಜಾರಿನ ತಿರುವಿನಲ್ಲಿ ಮುಂದಿನ ಬ್ರೇಕ್ ಒತ್ತಿದಾಗ ತಡೆಯುವುದಿಲ್ಲ. ಪಕ್ಕದಲ್ಲಿ ಕಣಿವೆ.

ಮುರಿದ ಆಕ್ಸಲ್ ನೋಡಿದವರು ಏನನ್ನುತ್ತಾರೆ? "ತೂತಿನ ಹುಚ್ಚು. ತನ್ನ ಗುಂಡಿ ತಾನೇ ತೋಡಿಕೊಂಡ." ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಇಲ್ಲಿ ಹಾವು ತಾನೇ ಕೋಲು ಹುಡುಕಿಕೊಂಡು ಬಂದಿತ್ತು.

ಸಾಕ್ಷಿಯನ್ನೂ ಅವಳು ತಯಾರು ಮಾಡಿದಳು. ವೆಲ್ಡರ್ ಬಂದಾಗಲೆಲ್ಲ ಅವನಿಗೆ ಕೇಳುವಂತೆ ಗಂಡನನ್ನು ಬೇಡಿಕೊಂಡಳು. "ಸಾಕು ಮಾಡ್ರೀ. ಗಟ್ಟಿ ಇರಬೇಕಾದ್ದು ಗಟ್ಟಿ ಇರ್ಲಿ. ನಂಗೆ ಭಯ ಆಗ್ತದೆ."

"ಕಬ್ಬಿಣ ಇರೋದೇ ತೂತು ಹಾಕೋಕೆ," ಎಂದ ಗಂಡ. ಅವಳು ಬರೆದುಕೊಟ್ಟಿದ್ದರೂ ಇದಕ್ಕಿಂತ ಚೆನ್ನಾಗಿ ಹೇಳುತ್ತಿರಲಿಲ್ಲ.

"ಅಕ್ಕ ಹೇಳೋದು ಸರಿ ಇದೆ ಕಣಣ್ಣ," ಎಂದ ವೆಲ್ಡರ್. "ಇನ್ನೊಂದು ವಾರ ಬಿಟ್ರೆ ಗಾಡಿಗೆ ದಾರ ಕಟ್ಟಿ ಹಾರಿಸಬೇಕಾಗ್ತದೆ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ವೆಲ್ಡರ್ ಅದನ್ನು ನೋಡಿದ. ನೋಡಬೇಕಾದದ್ದೂ ಅದೇ.

ಶನಿವಾರ ಬೆಳಿಗ್ಗೆ ರೇಸಿನ ತಪಾಸಣೆ. ತಪಾಸಣೆಯವರು ಬ್ರೇಕ್ ಒತ್ತಿ, ಚಕ್ರ ತಿರುಗಿಸಿ, ಗಾಡಿ ತೂಗಿ, ಟ್ಯಾಂಕಿನ ಮೇಲೆ ಹಸಿರು ಚೀಟಿ ಅಂಟಿಸಿದರು. ಅವಳು ಕಾಯುತ್ತಿದ್ದದ್ದು ಆ ಚೀಟಿಗೆ. ಒಮ್ಮೆ ಪಾಸಾದ ಗಾಡಿಯ ಚಕ್ರ ಮತ್ತೆ ಯಾರು ಬಿಚ್ಚುತ್ತಾರೆ? ಸವಾರರಿಗೆ ಸಂಜೆಯವರೆಗೂ ಸಭೆಯಿತ್ತು. ವೆಲ್ಡರ್ ತನ್ನ ವ್ಯಾನಿನಲ್ಲಿ ಗಾಡಿಯನ್ನು ವರ್ಕ್‌ಶಾಪಿಗೆ ತಂದು ಇಳಿಸಿ ಊಟಕ್ಕೆ ಹೋದ.

ಮಧ್ಯಾಹ್ನ ಎರಡು ಗಂಟೆ. ಬೀದಿಗೆ ಬೀದಿಯೇ ನಿದ್ದೆ ಹೋಗಿತ್ತು. ಅವಳು ಆಕ್ಸಲ್ ಬಿಚ್ಚಿ ಲೇತಿಗೆ ಕಚ್ಚಿಸಿದಳು. ಅಪ್ಪ ಕಲಿಸಿದ ಹಾಗೆ ಎರಡು ಸಲ ಕೇಂದ್ರ ಸರಿಯಿದೆಯೇ ನೋಡಿದಳು, ಎಣ್ಣೆ ಬಿಟ್ಟಳು, ಆತುರಪಡಲಿಲ್ಲ. ಮೊದಲು ಸಣ್ಣ ಡ್ರಿಲ್ ಮೊನೆ, ಆಮೇಲೆ ದೊಡ್ಡದು, ಆಮೇಲೆ ಇನ್ನೂ ದೊಡ್ಡದು. ಉಕ್ಕಿನ ಸುರುಳಿಗಳು ಬಿಸಿಯಾಗಿ, ನೀಲಿಯಾಗಿ ಟ್ರೇಗೆ ಬೀಳುತ್ತಿದ್ದವು. ಮಧ್ಯದಲ್ಲೊಮ್ಮೆ ಬೀದಿಯಲ್ಲಿ ಹೆಜ್ಜೆ ಸದ್ದು. ಲೇತ್ ನಿಲ್ಲಿಸಲಿಲ್ಲ, ಲೇತ್ ನಿಂತರೇ ಅನುಮಾನ, ಓಡುತ್ತಿದ್ದರೆ ಅದು ಈ ಮನೆಯ ಉಸಿರು. ಹೆಜ್ಜೆ ಮುಂದೆ ಹೋಯಿತು. ಬೆವರು ಮಾತ್ರ ಕಿವಿಯ ಹಿಂದಿನಿಂದ ಇಳಿಯಿತು.

ಮೂರೂವರೆಗೆ ಎಲ್ಲ ಮುಗಿದಿತ್ತು. ಮುಚ್ಚಳ ಹಾಕಿ, ನಟ್ಟನ್ನು ಮೊದಲಿದ್ದ ಗುರುತಿಗೇ ಬಿಗಿದು, ಬೆರಳಚ್ಚು ಒರೆಸಿ, ಮೇಲೆ ಹಳೆಯ ಗ್ರೀಸನ್ನೇ ಹಚ್ಚಿದಳು. ಸುರುಳಿಗಳನ್ನು ಗುಡಿಸಿ ವಾರದ ರಾಶಿಗೆ ಬೆರೆಸಿದಳು. ಗಾಡಿಯನ್ನು ಅಲುಗಿಸಿ ನೋಡಿದಳು. ಒಂದು ಕಿರುಗುಟ್ಟುವಿಕೆಯೂ ಇಲ್ಲ.

ಭಾನುವಾರ ಬೆಳಕು ಹರಿಯುವ ಮೊದಲೇ ಗಂಡ, ವೆಲ್ಡರ್ ಹೊರಟರು. "ಬರಲ್ವಾ?" ಎಂದು ಕೇಳಿದ ಗಂಡ.

"ನೋಡೋಕಾಗಲ್ಲ ನಂಗೆ," ಎಂದಳು. ಆ ಊಟದ ರಾತ್ರಿಯಿಂದೀಚೆಗೆ ಅವಳು ಅವನಿಗೆ ಹೇಳಿದ ಒಂದೇ ನಿಜ ಅದು.

ಹತ್ತು ಗಂಟೆಗೆ ಓಟ. ಅವಳು ಲೇತಿನ ಪಕ್ಕದ ಸ್ಟೂಲಿನ ಮೇಲೆ ಕೂತು ಫೋನನ್ನು ಮಡಿಲಲ್ಲಿ ಇಟ್ಟುಕೊಂಡಳು. ಅಪರಿಚಿತ ದನಿಯೊಂದು "ಅಮ್ಮಾ, ಸ್ವಲ್ಪ ಧೈರ್ಯ ತಂದ್ಕೊಳ್ಳಿ" ಎಂದಾಗ ತಾನು ಏನೆನ್ನಬೇಕು, ಎಷ್ಟು ಹೊತ್ತಿಗೆ ಅಳಬೇಕು ಎಲ್ಲವನ್ನೂ ಮನಸ್ಸಿನಲ್ಲೇ ಹೇಳಿಕೊಂಡಳು. ಹತ್ತಕ್ಕೆ ಐದು ನಿಮಿಷವಿರುವಾಗ ಫೋನು ಬಡಿದುಕೊಂಡಿತು. ಇಷ್ಟು ಬೇಗನೆ?

ದನಿ ಗಂಡನದು.

"ಮುಂದಿನ ಆಕ್ಸಲ್ ನನ್ನ ಕೈಲಿದೆ," ಎಂದ.

"ಯಾಕ್ ಬಿಚ್ಚಿದ್ರಿ?" ಮಾತು ಬಾಯಿಂದ ಜಾರಿತು.

"ತೂತು ಎಷ್ಟು ನೇರ ಇದೆ ಗೊತ್ತಾ? ಕೂದಲೆಳೆಯಷ್ಟೂ ಓರೆ ಇಲ್ಲ. ನೀನೇ ಹಾಕಿದ್ದಾ ಅಂತ ತಪಾಸಣೆಯೋರು ನನ್ನ ಕೇಳಿದ್ರು ಇಲ್ಲಿ. ನಂಗೆ ಲೇತ್ ಹಿಡಿಯೋಕೆ ಬರಲ್ಲ ಸಾರ್, ಗಾಡಿಯ ಕೆಲಸ ಎಲ್ಲಾ ನನ್ನ ಹೆಂಡ್ತಿದೇ ಅಂತ ಎಲ್ಲರ ಎದುರು ಹೇಳ್ದೆ." ಅವನ ಉಸಿರು ಕೇಳಿಸುತ್ತಿತ್ತು. "ಪೊಲೀಸ್ನೋರು ಬರ್ತಿದ್ದಾರೆ. ಅಲ್ಲೇ ಇರು."

ಅವಳಿಂದ ಒಂದೇ ಮಾತು ಹೊರಟಿತು. "ಹೆಂಗ್ ಗೊತ್ತಾಯ್ತು?" ಅವನು ಹೇಳಿದ. ಈ ರೇಸಿನಲ್ಲಿ ಗಾಡಿ ನೂರ ಹದಿನೈದು ಕೆಜಿಗಿಂತ ಕಡಿಮೆ ಇರಕೂಡದಂತೆ. ಶನಿವಾರ ಅದು ನೂರೇ ಗ್ರಾಂ ಹೆಚ್ಚಿಗೆ ಇತ್ತು. ಓಟಕ್ಕೆ ಬಿಡುವ ಮುನ್ನ ಪ್ರತಿ ಗಾಡಿಯನ್ನೂ ಇನ್ನೊಮ್ಮೆ ತೂಗುತ್ತಾರೆ. ಇವತ್ತು ನೂರು ಗ್ರಾಂ ಕಡಿಮೆ ಬಂತು. ಎಲ್ಲಿ ಹೋಯಿತು ಎಂದು ಒಂದೊಂದೇ ಭಾಗ ಬಿಚ್ಚಿಸಿದರು. ಅವಳ ಕೈ ತಾನಾಗಿಯೇ ಲೇತಿನ ತಣ್ಣಗಿನ ಮೈಮೇಲೆ ಹೋಗಿ ನಿಂತಿತು. ಗಾಡಿಯ ವೇಗ, ರಸ್ತೆಯ ತಿರುವು, ವೆಲ್ಡರನ ಕಣ್ಣು, ನಟ್ಟಿನ ಗುರುತು, ಎಲ್ಲವನ್ನೂ ಯೋಚಿಸಿದ್ದಳು. ಎಂಟು ತಿಂಗಳು ತೂಕದ ಹೊರತು ಬೇರೆ ಮಾತೇ ಇಲ್ಲದ ಮನೆಯಲ್ಲಿ ಕೂತು, ತಾನು ಕೊರೆದು ತೆಗೆದ ಹಿಡಿಯಷ್ಟು ಉಕ್ಕಿಗೂ ಇನ್ನೂರು ಗ್ರಾಂ ತೂಕವಿರುತ್ತದೆ ಎಂಬುದೊಂದನ್ನು ಮಾತ್ರ ಯೋಚಿಸಿರಲಿಲ್ಲ.