ಡಬಲ್ ಸ್ಟ್ಯಾಂಡ್ ಹಾಕಿದ ಭಾನುವಾರ

ಗೊಂಬೆಯ ಕೈ ಮುರಿದ ಸದ್ದಿಗಿಂತ ಮೊದಲು ವಿನೋದಾಳಿಗೆ ಕೇಳಿಸಿದ್ದು ‘ಅಯ್ಯೋ ದೇವರೇ’ ಎಂಬ ಗಂಡಸಿನ ದನಿ.

ಗಲ್ಲಾಪೆಟ್ಟಿಗೆ ಬಿಟ್ಟು ಓಡಿ ಬಂದಳು. ಅಂಗಡಿಯ ಮೆಟ್ಟಿಲ ಮೇಲೆ ಇಳಕಲ್ ಸೀರೆ ಉಟ್ಟು ನಿಂತಿದ್ದ ಗೊಂಬೆ ಅಂಗಾತ ಬಿದ್ದಿತ್ತು. ಅದರ ಮೇಲೊಂದು ಕಪ್ಪು ಬುಲೆಟ್ ಮೋಟಾರ್ ಸೈಕಲ್. ಬುಲೆಟ್ಟನ್ನು ಎತ್ತಲು ಒದ್ದಾಡುತ್ತಿದ್ದ ಉದ್ದನೆಯ ಯುವಕನ ಕನ್ನಡಕದ ತುಂಬ ಮಳೆಹನಿ.

“ಏನ್ರೀ ಇದು! ರಸ್ತಾದಾಗ ಜಾಗಾ ಇರಲಿಲ್ಲೇನು, ನಮ್ಮ ಗೊಂಬಿ ಮ್ಯಾಲೆ ಗಾಡಿ ಹಚ್ಚೀರಲ್ಲ?”

“ನಾನು ಬೀಳಿಸಿದ್ದಲ್ಲ ಮಾರಾಯ್ರೆ. ಸೈಡ್ ಸ್ಟ್ಯಾಂಡ್ ಕೆಸರಿನಲ್ಲಿ ಹೂತುಹೋಯ್ತು.”

“ಡಬಲ್ ಸ್ಟ್ಯಾಂಡ್ ಹಾಕಬೇಕಿಲ್ಲೋ?”

ಅವನು ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿಕೊಂಡು ಅವಳನ್ನು ನೋಡಿದ. ನೋಡಿದವನು ಒರೆಸುವುದನ್ನು ಮರೆತ. “ಇದಕ್ಕೆ ಇಲ್ಲ,” ಎಂದ ಮೆಲ್ಲಗೆ. “ಸೆಕೆಂಡ್ ಹ್ಯಾಂಡ್ ಗಾಡಿ. ಘಾಟಿನ ತಿರುವಿನಲ್ಲಿ ನೆಲಕ್ಕೆ ತಾಗುತ್ತದೆ ಅಂತ ಮೊದಲಿನವರು ಬಿಚ್ಚಿಬಿಟ್ಟಿದ್ದಾರೆ.”

ಅದು ೧೯೮೪ರ ಜುಲೈ. ಡೊಂಬಿವಲಿಯ ಫಡ್ಕೆ ರೋಡಿನಲ್ಲಿ ವಿರುಪಾಕ್ಷಪ್ಪನವರ ಸೀರೆ ಅಂಗಡಿಯೆಂದರೆ ಸುತ್ತಲಿನ ಕನ್ನಡದವರಿಗೆಲ್ಲ ಗೊತ್ತು. ತಾಯಿ ಇಲ್ಲದ ವಿನೋದಾ ಕಾಲೇಜು ಮುಗಿದ ದಿನದಿಂದ ಅಪ್ಪನ ಜೊತೆ ಅದೇ ಅಂಗಡಿಯಲ್ಲಿ ಕೂರುತ್ತಿದ್ದಳು. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಅವರಿಗೆ ಯಾವ ಬಣ್ಣ ಹಿಡಿಸುತ್ತದೆಂದು ಹೇಳಬಲ್ಲಳು.

ಯುವಕನ ಹೆಸರು ಕುಶಲ. ಉಡುಪಿಯ ಕಡೆಯವನು. ಥಾಣೆಯ ಪಂಪ್ ಕಂಪನಿಯೊಂದರ ಸೇಲ್ಸ್‌ಮನ್. ನಾಸಿಕ್, ಪುಣೆ, ಸಾತಾರಾ ಎಂದು ಊರೂರು ಸುತ್ತುವ ಕೆಲಸ. ಕಲ್ಯಾಣದಲ್ಲಿ ತಾಯಿಯ ಜೊತೆ ಮನೆ.

ಮುಂದಿನ ವಾರ ಅವನು ಮತ್ತೆ ಬಂದ. ಅಮ್ಮನಿಗೊಂದು ಸೀರೆ ಬೇಕಂತೆ. ಅದರ ಮುಂದಿನ ವಾರವೂ ಬೇಕಾಯಿತು.

“ನಿಮ್ಮ ಅವ್ವ ದಿನಕ್ಕ ಎಷ್ಟು ಸಲ ಸೀರಿ ಬದಲಿ ಮಾಡ್ತಾರ್ರೀ?” ವಿನೋದಾ ಸೆರಗು ಬಿಡಿಸುತ್ತ ಕೇಳಿದಳು. ದನಿಯಲ್ಲಿ ನಗು ಇರಲಿಲ್ಲ. ಕಣ್ಣಲ್ಲಿತ್ತು.

“ಅಮ್ಮನಿಗೆ ಬಣ್ಣ ಸರಿಯಾಗಲಿಲ್ಲ.”

“ಬಣ್ಣ ಆರಿಸಿದಾಕಿ ನಾನು. ನಾ ಆರಿಸಿದ್ದು ತಪ್ಪಂಗಿಲ್ಲ.”

“ಹಾಗಾದರೆ ನನಗೂ ಏನಾದರೂ ಆರಿಸಿ ಕೊಡಿ.”

ಅವಳ ಕೈ ಸೆರಗಿನ ಕೆಂಪಿನ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಸೀರೆ ಮಡಚುತ್ತ ಹೇಳಿದಳು: “ಮೊದ್ಲ ಆ ಗಾಡಿಗೆ ಸ್ಟ್ಯಾಂಡ್ ಹಾಕಿಸ್ರಿ. ನೀವು ಬಂದ್ರ ಗಾಡಿ ಬೀಳ್ತೈತೇನೋ ಅಂತ ಹೊರಗ ನೋಡ್ಕೋತ ಕೂಡೋದಾಗೈತಿ ನಂಗ.”

“ಗಾಡಿಯನ್ನು ಮಾತ್ರ ನೋಡುವುದಾ?”

ವಿನೋದಾ ಮಡಚಿದ ಸೀರೆಯನ್ನು ಮತ್ತೆ ಬಿಡಿಸಿ ಮತ್ತೆ ಮಡಚಿದಳು.

ಕುಶಲ ಗಾಡಿಯ ಮೊದಲಿನ ಮಾಲೀಕರನ್ನು ಥಾಣೆಯಲ್ಲಿ ಹುಡುಕಿ ಹಿಡಿದ. ಅವರ ಅಟ್ಟದ ಮೇಲೆ ಸ್ಟ್ಯಾಂಡ್ ಹಾಗೇ ಇತ್ತು, ಜೊತೆಗೆ ಅದರ ಸ್ಪ್ರಿಂಗ್ ಕೂಡ. ಎರಡನ್ನೂ ಗೋಣಿಚೀಲದಲ್ಲಿ ಕಟ್ಟಿಕೊಂಡು ಒಂದು ಭಾನುವಾರ ಬೆಳಗ್ಗೆ ಅಂಗಡಿಗೆ ಬಂದ. ವಿರುಪಾಕ್ಷಪ್ಪನವರು ಪೇಟೆಗೆ ಹೋಗಿದ್ದರು.

ಅಂಗಡಿಯ ಪಕ್ಕದ ಓಣಿಯಲ್ಲಿ ಗಾಡಿ ನಿಲ್ಲಿಸಿ, ಬೀಳದಂತೆ ಹ್ಯಾಂಡಲನ್ನು ಕಿಟಕಿಯ ಸರಳಿಗೆ ಹಗ್ಗದಿಂದ ಬಿಗಿದರು. ಕುಶಲ ನೆಲಕ್ಕೆ ಗೋಣಿ ಹಾಸಿ ಗಾಡಿಯ ಕೆಳಗೆ ತೂರಿದ. ವಿನೋದಾ ಇನ್ನೊಂದು ಬದಿಯಲ್ಲಿ ಕುಳಿತು ಸ್ಟ್ಯಾಂಡನ್ನು ಎತ್ತಿ ಹಿಡಿದಳು. ಬೋಲ್ಟುಗಳು ಕೂತವು. ಸ್ಪ್ರಿಂಗ್ ಮಾತ್ರ ಜಪ್ಪಯ್ಯ ಎಂದರೂ ಬಗ್ಗಲಿಲ್ಲ. ಒಂದು ತುದಿ ಸಿಕ್ಕಿಸಿದರೆ ಇನ್ನೊಂದು ತುದಿ ಕೊಂಡಿಗೆ ಬೆರಳಗಲ ದೂರದಲ್ಲೇ ನಿಲ್ಲುತ್ತಿತ್ತು.

“ಜಲ್ದಿ ಮಾಡ್ರಿ,” ಎಂದಳು ವಿನೋದಾ. “ಸಂಜೀಕ ಸೊಲ್ಲಾಪುರದವರು ನನ್ನ ನೋಡಾಕ ಬರಾಕತ್ತಾರ. ನಿನ್ನೇನ ಥಾಣೆಕ್ಕ ಬಂದು ಬೀಗರ ಮನ್ಯಾಗ ಇಳದಾರ.”

ಕುಶಲನ ಕೈಯಿಂದ ಇಕ್ಕಳ ಜಾರಿ ಕಲ್ಲಿನ ಮೇಲೆ ಠಣ್ಣೆಂದಿತು.

“ನೀವು ಒಪ್ಪಿದ್ದೀರಾ?”

“ಸೊಸಿ ಅಂಗಡ್ಯಾಗ ಕೂಡಬಾರದು ಅಂತ ಹೇಳಿ ಕಳಿಸ್ಯಾರ. ಅಪ್ಪಗ ನಾ ಇನ್ನೂ ಏನೂ ಹೇಳಿಲ್ಲ. ಯಾರರ ಬ್ಯಾಡ ಅಂದ್ರ, ಒಲ್ಲೆ ಅಂತ ಹೇಳ್ತೀನಿ.”

“ಬೇಡ.”

“ಯಾಕ?”

“ಈ ಸ್ಪ್ರಿಂಗ್ ಎಳೆಯಲಿಕ್ಕೆ ಮತ್ತೆ ಯಾರಿದ್ದಾರೆ?”

“ಚಂದಾಗಿ ಹೇಳ್ರಿ!”

ಚಕ್ರದ ಕಡ್ಡಿಗಳ ನಡುವೆ ಅವನ ಮುಖ ಕಂಡಿತು. ಕೆನ್ನೆಗೆ ಗ್ರೀಸ್, ಹಣೆಗೆ ಬೆವರು. ಹುಡುಗಾಟವೆಲ್ಲ ಹೋಗಿತ್ತು. “ನನಗೆ ನೀವು ಬೇಕು ವಿನೋದಾ. ಯಾವ ಊರಿಗೆ ಹೋದರೂ ಡೊಂಬಿವಲಿಯ ದಾರಿಯೇ ನೆನಪಾಗುತ್ತದೆ. ನೀವು ಅಂಗಡಿಯಲ್ಲೇ ಕೂತಿರಿ. ನಾನು ತಿರುಗಿ ಬರ್ತೇನೆ.”

ವಿನೋದಾ ಎದ್ದು ಒಳಗೆ ಹೋದಳು. ಕುಶಲ ಗಾಡಿಯ ಕೆಳಗಿನಿಂದ ಹೊರಬಂದು ಎದ್ದು ಕೂತ. ಅವಳು ಸೀರೆಯ ಗಂಟು ಕಟ್ಟುವ ಗಟ್ಟಿ ನೂಲಿನ ಹುರಿ ಹಿಡಿದು ಬಂದಳು. ಅದನ್ನು ಸ್ಪ್ರಿಂಗಿನ ತುದಿಗೆ ಸುತ್ತಿ, ಇನ್ನೊಂದು ತುದಿಯನ್ನು ಅವನ ಅಂಗೈಗೆ ಸುತ್ತಿದಳು. ಸುತ್ತುವಾಗ ಅವಳ ಬೆರಳು ಅಲ್ಲೇ ಉಳಿಯಿತು.

“ನಂಗೂ ನೀವ ಬೇಕು. ಈಗ ಎಳೀರಿ.”

ಇಬ್ಬರೂ ಕಾಲು ಊರಿ ಒಟ್ಟಿಗೆ ಎಳೆದರು. ಸ್ಪ್ರಿಂಗ್ ಕಿರುಗುಟ್ಟಿತು, ಉದ್ದವಾಯಿತು. ಟಪ್ಪೆಂದು ಕೊಂಡಿಗೆ ಕೂತಿತು. ಎಳೆದ ರಭಸಕ್ಕೆ ಇಬ್ಬರೂ ಹಿಂದಕ್ಕೆ ಬಿದ್ದರು. ಬಿದ್ದಲ್ಲೇ ನಗತೊಡಗಿದರು.

“ವಿನೋದಾ!”

ಓಣಿಯ ಬಾಯಲ್ಲಿ ವಿರುಪಾಕ್ಷಪ್ಪನವರು ನಿಂತಿದ್ದರು, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು.

ವಿನೋದಾ ಎದ್ದಳು. ಗ್ರೀಸ್ ಮೆತ್ತಿದ ಕೈಗಳನ್ನು ಬಚ್ಚಿಡಲಿಲ್ಲ. “ಅಪ್ಪಾ, ಸೊಲ್ಲಾಪುರದವರಿಗೆ ಬರಬ್ಯಾಡ ಅಂತ ಫೋನ್ ಮಾಡ್ರಿ. ನಾ ಅಂಗಡಿ ಬಿಡಾಕಿ ಅಲ್ಲ. ಮದುವಿ ಆದ್ರ ಇವ್ರನ್ನ.”

ಅವರು ಮಗಳನ್ನು ನೋಡಿದರು. ಆಮೇಲೆ ಕುಶಲನ ಕಡೆ ತಿರುಗಿದರು. “ನಿಮ್ಮ ಮನ್ಯಾಗ ಏನು ಉಣ್ತೀರಿ?”

“ಮೀನು,” ಎಂದ ಕುಶಲ. “ಸುಳ್ಳು ಹೇಳುವುದಿಲ್ಲ. ಆದರೆ ಇವರಿಗೆ ಮನೆಯಲ್ಲಿ ಮೀನು ತಾಗದ ಬೇರೆ ಒಲೆ. ನಾನೇ ಹೂಡಿ ಕೊಡ್ತೇನೆ.”

ವಿರುಪಾಕ್ಷಪ್ಪನವರ ಮೀಸೆ ಅಲುಗಿತು. ನಗುವೋ ಸಿಟ್ಟೋ ತಿಳಿಯಲಿಲ್ಲ. “ಈ ಸ್ಟ್ಯಾಂಡ್ ಹಾಕಾಕ ಇಷ್ಟೊತ್ತೇನು? ನಿಲ್ತೈತೋ ಇಲ್ಲೋ?”

ಕುಶಲ ಮುಂದೆ ಬಂದ. ವಿನೋದಾ ಅವನನ್ನು ತಡೆದು ತಾನೇ ಹ್ಯಾಂಡಲ್ ಹಿಡಿದಳು.

“ಎತ್ತಬೇಡಿ,” ಅವನು ಪಿಸುಗುಟ್ಟಿದ. “ಸ್ಟ್ಯಾಂಡನ್ನು ತುಳಿಯಿರಿ. ಗಾಡಿ ತಾನೇ ಏರ್ತದೆ.”

ಅವಳು ಹಗ್ಗ ಬಿಚ್ಚಿ, ಸೆರಗು ಸಿಕ್ಕಿಸಿ, ಮೈಭಾರವನ್ನೆಲ್ಲ ಕಾಲಿಗೆ ಹಾಕಿ ತುಳಿದಳು. ಅಷ್ಟು ದೊಡ್ಡ ಗಾಡಿ ಗಡಗಡ ಅಂದು ಹಿಂದಕ್ಕೆ ಏರಿ, ಧಡ್ಡನೆ ನೆಟ್ಟಗೆ ನಿಂತಿತು. ಮೇಲಿನ ಗ್ಯಾಲರಿಯಿಂದ ಯಾರೋ ಮರಾಠಿಯಲ್ಲಿ ‘ಶಾಬ್ಬಾಸ್ ಪೋರಿ!’ ಎಂದು ಕೂಗಿದರು.

ವಿರುಪಾಕ್ಷಪ್ಪನವರು ಸೀಟು ಹಿಡಿದು ಜೋರಾಗಿ ಅಲುಗಿಸಿದರು. ಗಾಡಿ ಕದಲಲಿಲ್ಲ. ಮಗಳ ಮುಖದ ಹಿಗ್ಗನ್ನು ಅವರು ಸುಮಾರು ಹೊತ್ತು ನೋಡಿದರು. ಬಾಳೆಹಣ್ಣಿನ ಚಿಪ್ಪನ್ನು ಕುಶಲನ ಕೈಗಿಟ್ಟರು.

“ನಿಮ್ಮ ತಾಯಿ ಮನ್ಯಾಗ ಅದಾರೇನು?”

“ಇದ್ದಾರೆ.”

“ಮತ್ತೇನು ನೋಡ್ಕೋತ ನಿಂತಿ? ಗಾಡಿ ತಗಿ. ಕಲ್ಯಾಣಕ್ಕ ಹೋಗಿ ಮಾತಾಡಿ ಬರೂಣು. ಸೊಲ್ಲಾಪುರದವರಿಗೆ ದಾರ್ಯಾಗ ಫೋನ್ ಮಾಡಿದ್ರಾತು. ಬರಿಗೈಲೆ ಹೋಗಬಾರದು, ಹಣ್ಣು ಹಿಡಕೋ.”

ವಿನೋದಾ ಕಣ್ಣು ತುಂಬಿಕೊಂಡು ಅಪ್ಪನ ತೋಳು ಹಿಡಿದಳು. “ಸರಿ, ಸರಿ. ಧೋತರಕ್ಕ ಗ್ರೀಸ್ ಹಚ್ಚಬ್ಯಾಡ,” ಎಂದು ಅವರು ಅವಳ ತಲೆ ಸವರಿದರು.

ಹಣ್ಣಿನ ಚಿಪ್ಪು ಹ್ಯಾಂಡಲಿಗೆ ತೂಗಿತು. ಬುಲೆಟ್ ಗುಡುಗುತ್ತ ಹೊರಟಿತು. ಬೀದಿಗೆ ತಿರುಗುವಾಗ ಕುಶಲ ಒಮ್ಮೆ ಹಿಂದಿರುಗಿ ನೋಡಿದ. ಆ ಒಂದೇ ನೋಟದಲ್ಲಿ ಅವಳಿಗೆ ಬೇಕಾದ್ದೆಲ್ಲ ಇತ್ತು. ಹಿಂದಿನ ಸೀಟಿನಲ್ಲಿ ಅಪ್ಪ ಕ್ಯಾರಿಯರ್ ಹಿಡಿದು ಬಿಗಿಯಾಗಿ ಕೂತಿದ್ದರು. ರಸ್ತೆಯ ಮೊದಲ ಗುಂಡಿಯಲ್ಲಿ ಗಾಡಿ ಕುಲುಕಿದಾಗ ಕ್ಯಾರಿಯರ್ ಬಿಟ್ಟು ಕುಶಲನ ಹೆಗಲ ಮೇಲೆ ಕೈ ಇಟ್ಟರು.

ಗುಂಡಿ ದಾಟಿದ ಮೇಲೂ ಆ ಕೈ ಅಲ್ಲೇ ಇತ್ತು. ಗಾಡಿ ಕಣ್ಣಿಗೆ ಮರೆಯಾಗುವವರೆಗೂ ವಿನೋದಾ ಬೀದಿಯ ನಡುವೆ ನಿಂತು ನೋಡಿದಳು.